ಚುಕ್ಕೆ ಬಾತಿನ ಕೂಗು

ಚಿಬಾಯಿಶ್ ಜೌಗಿನ ದೋಣಿಕಟ್ಟೆಯಲ್ಲಿ ಚಹಾ ಬಗ್ಗಿಸುತ್ತಿದ್ದ ಖಜಲನ ಕಿವಿ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಮುದಿ ಬೇಟೆಗಾರ ಮಿಜ್ಬಾನ್, ಅವನ ತಮ್ಮನ ಮಗಳು ರಬಾಬ್ ದೋಣಿ ಕಾಯುತ್ತಾ ಕೂತಿದ್ದರು.

"ಬಸ್ರಾದಲ್ಲಿ ನಾಲ್ಕು ವರ್ಷ ಓದಿದ್ದು ಬಾತುಕೋಳಿ ಎಣಿಸೋ ನೌಕರಿಗಾ, ಮಗಳೇ?"

"ಹೂಂ ದೊಡ್ಡಪ್ಪ. ಈ ಸಲದ ಎಣಿಕೆಲಿ ಒಂದಾದ್ರೂ ಚುಕ್ಕೆ ಬಾತು ಕಾಣದಿದ್ರೆ, ಸರ್ಕಾರದವರು ಈ ಜೌಗಿಗೆ ಹಾಕಿರೋ ಕಾವಲೇ ತೆಗೆದುಬಿಡ್ತಾರೆ."

"ಜೊಂಡಿನೊಳಗೆ ಅಡಗಿರೋದು ನಿನ್ನ ದುರ್ಬೀನಿಗೆ ಕಾಣುತ್ತಾ?"

"ಕಾಣಲ್ಲ. ಅದಕ್ಕೇ ನಿಮ್ಮನ್ನ ಕರ್ಕೊಂಡು ಹೊರಟಿರೋದು. ನೀವು ಅದರ ಹಾಗೇ ಕೂಗಿದ್ರೆ ಹೊರಗೆ ಬರ್ತವಂತಲ್ಲ."

ಸಕ್ಕರೆ ಕರಗಿದ ಮೇಲೂ ಮುದುಕ ಚಹಾ ಕಲಕುತ್ತಲೇ ಇದ್ದ.

"ನನ್ನ ಕೂಗು ನಂಬಿ ಬಂದ ಒಂದು ಹಕ್ಕಿನೂ ವಾಪಸ್ ಹೋಗಿಲ್ಲ ಕಣೆ."

"ಈ ಸಲ ಹೋಗ್ತವೆ."

ದೋಣಿ ಬಂತು. ಮಿಜ್ಬಾನ್ ಹೆಗಲ ಮೇಲಿದ್ದ ಕೋವಿಯನ್ನು ಚಹಾದ ಒಲೆ ಪಕ್ಕ ಒರಗಿಸಿ, "ನೋಡ್ಕೊಂಡಿರಪ್ಪಾ" ಎಂದು ದೋಣಿ ಹತ್ತಿದ. ಬೆಳಗಿನ ಮಂಜು ಇಬ್ಬರನ್ನೂ ಮೆಲ್ಲಗೆ ಒಳಗೆ ತೆಗೆದುಕೊಂಡಿತು.

ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಮುದುಕನ ಕೂಗು ತೇಲಿ ಬಂತು. ದೂರದ ಜೊಂಡಿನಿಂದ ಇನ್ನೊಂದು ದನಿ ಓಗೊಟ್ಟಿತು. ಖಜಲ್ ಎಂದಿನಂತೆ ಉಸಿರು ಬಿಗಿಹಿಡಿದು ಗುಂಡಿನ ಸದ್ದಿಗೆ ಕಾದ. ಕೋವಿ ತನ್ನ ಪಕ್ಕದಲ್ಲೇ ಇದೆ ಎಂಬುದು ಅವನಿಗೆ ಆಮೇಲೆ ನೆನಪಾಯಿತು.