ತಾನಾಗಿ ಆರುವ ಇಂಡಿಕೇಟರ್

ಸ್ಕೂಟರಿನ ಪಂಕ್ಚರ್ ಹಾಕಿಸಲು ಬಂದು ಬೈಕ್ ಷೋರೂಮಿನ ಅಂಗಳದ ಬೆಂಚಿನಲ್ಲಿ ಕುಳಿತಿದ್ದ ದರ್ಜಿಯ ಕಿವಿ, ಹೊಸ ಬೈಕಿನ ಬಳಿ ನಿಂತ ದಂಪತಿಯ ಮಾತಿಗೆ ನಿಮಿರಿತು. ಗಂಡನ ಮೊಣಕೈಯಲ್ಲಿ ಮಾಯ್ದ ಗಾಯದ ಗುರುತಿತ್ತು.

“ಹೋದ ಸಲ ಇಂಡಿಕೇಟರ್ ಆರಿಸೋದು ಮರೆತ್ರಿ, ತಿರುಗ್ತೀರ ಅಂತ ನಂಬಿದ ಕಾರು ಅಡ್ಡ ಬಂತು. ಮತ್ತೆ ಬೈಕಾ? ನಾನು ಒಪ್ಪಲ್ಲಪ್ಪ.”

“ಅವತ್ತು ಬೆನ್ನು ತಟ್ಟಿ ನೆನಪಿಸೋಕೆ ಹಿಂದೆ ನೀನಿರ್ಲಿಲ್ಲ. ಇದು ತಾನಾಗೇ ಆರುತ್ತೆ ಕಣೇ.”

“ಕಾರಿನ ಥರ, ಸ್ಟೀರಿಂಗ್ ವಾಪಸ್ ತಿರುಗಿದಾಗಲಾ?”

“ಬೈಕಿನ ಹ್ಯಾಂಡಲ್ ಅಷ್ಟು ತಿರುಗಲ್ವಲ್ಲ. ತಿರುವಲ್ಲಿ ಬೈಕೇ ವಾಲುತ್ತೆ. ವಾಲಿದ್ದು ನೆಟ್ಟಗಾದ್ರೆ ಒಳಗಿರೋ ಸೆನ್ಸರ್‌ಗೆ ಗೊತ್ತಾಗುತ್ತೆ, ಆರಿಸುತ್ತೆ.”

“ಸಿಗ್ನಲ್‌ನಲ್ಲಿ ನಿಂತಾಗ?”

“ಆರಲ್ಲ. ತಿರುಗೋವರೆಗೂ ಕಾಯುತ್ತೆ.”

“ನಿಮಗಿಂತ ತಾಳ್ಮೆ ಇದೆ ಅನ್ನಿ. ಹಾಗಾದ್ರೆ ಹಿಂದೆ ನಾನ್ಯಾಕೆ?”

“ಅದಕ್ಕೆ ಬೈಯೋಕೆ ಬರಲ್ವಲ್ಲ.”

ಆಕೆ ನಗು ನುಂಗಿಕೊಂಡಳು. “ಒಂದೇ ಸುತ್ತು. ಆರದಿದ್ರೆ ಅಲ್ಲೇ ಇಳಿದುಬಿಡ್ತೀನಿ.”

ಬೈಕು ಗೇಟು ದಾಟಿ ಎಡಕ್ಕೆ ವಾಲಿತು. ದರ್ಜಿ ಬೆಂಚಿನಿಂದೆದ್ದು ಗೇಟಿನತ್ತ ಬಂದು ನೋಡಿದ. ಬೈಕು ನೆಟ್ಟಗಾದರೂ ಹಳದಿ ದೀಪ ಮಿಟುಕುತ್ತಲೇ ಇತ್ತು. ಆಕೆಯ ಕೈ ಗಂಡನ ಬೆನ್ನು ತಟ್ಟಲು ಮೇಲೆದ್ದಿತು.

ಅಷ್ಟರಲ್ಲಿ ದೀಪ ಆರಿತು.

ಎದ್ದ ಕೈ ಹಿಂದಕ್ಕೆ ಹೋಗಲಿಲ್ಲ. ಗಂಡನ ಭುಜದ ಮೇಲೆ ಮೆಲ್ಲನೆ ಕುಳಿತು, ರಸ್ತೆಯ ತುದಿಯವರೆಗೂ ಅಲ್ಲೇ ಇತ್ತು.