ವಿಮಾನಕ್ಕೆ ಹೋದ ಚಕ್ಲಿ ಎಣ್ಣೆ

...ಮೆತ್ತಗೆ ಮಾತಾಡ್ರೇ, ಹತ್ರ ಬನ್ನಿ. ಇದು ನಮ್ಮ ಜಗಲಿ ದಾಟ್ಬಾರ್ದು, ನಿಮ್ಮಮ್ಮನಿಗೂ ಹೇಳ್ಬೇಡಿ. ಪಕ್ಕದ್ಮನೆ ಕಮಲಮ್ಮ ಇದಾಳಲ್ಲ, ಚಕ್ಲಿ ನಿಪ್ಪಟ್ಟು ಮಾಡಿ ಮಾರ್ತಾಳಲ್ಲ, ಅವಳ ಮನೆ ಹಿಂದ್ಗಡೆ ಒಂದು ವ್ಯಾನು ಬರೋದು. ಕರಿದು ಮಿಕ್ಕಿದ ಕಪ್ಪು ಎಣ್ಣೆ ಕ್ಯಾನು ತುಂಬಾ ಕೊಟ್ಟು ಕಳಿಸೋಳು, ಅದೂ ನಮ್ಮನೆ ಕಿಟಕಿ ಕಡೆ ನೋಡ್ಕೊಂಡು! ನಂಗಾಗ್ಲೇ ಅನುಮಾನ. ಆ ಎಣ್ಣೆ ಏನೂಂತ ನಂಗಲ್ದೆ ಇನ್ಯಾರಿಗೆ ಗೊತ್ತು? ಆಗಿನ ಕಾಲದಲ್ಲಿ ಜಾಲಹಳ್ಳೀಲಿ ನಿಮ್ಮ ತಾತ ಕೆಲ್ಸ ಮಾಡ್ತಿದ್ದ ಫ್ಯಾಕ್ಟರಿ ಮುಚ್ಚಿತ್ತು, ಮುಚ್ಚಿದ್ದಲ್ಲ, ಸ್ಟ್ರೈಕು, ಸಂಬಳ ಇಲ್ಲ, ಮನೇಲಿ ಚಿಕ್ಕಚಿಕ್ಕ ಮಕ್ಳು. ಗೇಟ್ ಮುಂದೆ ಸೀಮೆಎಣ್ಣೆ ಸ್ಟವ್ ಇಟ್ಕೊಂಡು ಬೋಂಡಾ ಹಾಕ್ದೆ. ರೇಷನ್ ಸೊಸೈಟಿ ಕ್ಯೂನಲ್ಲಿ ನಿಂತು ತಂದ ಪಾಮಾಯಿಲ್ಲು, ಒಂದು ತೊಟ್ಟು ಚೆಲ್ತಿರ್ಲಿಲ್ಲ. ಬೋಂಡಾ ಜನಕ್ಕೆ, ತಳದ ಕರೀ ಎಣ್ಣೆ ನಮಗೆ. ಅದ್ರಲ್ಲೇ ಒಗ್ಗರಣೆ, ಅದ್ರಲ್ಲೇ ರೊಟ್ಟಿ. ಗಂಟ್ಲು ಉರಿಯೋದು, ಹೊಟ್ಟೆ ಅಂತೂ ತುಂಬೋದು. ಅಂಥಾ ಎಣ್ಣೇನ ತಿನ್ನೋದಕ್ಕಲ್ದೆ ಯಾರಾದ್ರೂ ತಗೊಂಡ್ಹೋಗ್ತಾರಾ? ಯಾವ್ದೋ ಬಜ್ಜಿ ಗಾಡಿಗೆ ಮಾರ್ತಾಳೆ ಅಂದೆ. ಹೂವಿನೋಳಿಗೆ ಒಬ್ಳಿಗೇ ಹೇಳಿದ್ದು ಕಣ್ರೇ! ಅದು ಬಾಯಿಂದ ಬಾಯಿಗೆ ಹೋಗಿ, ಚಕ್ಲೀನೂ ಆ ಕರೀ ಎಣ್ಣೇಲೇ ಕರೀತಾಳೆ ಅಂತಾಯ್ತು. ಗೌರಿ ಹಬ್ಬ ಹತ್ರ ಬರೋ ಹೊತ್ಗೆ ನಮ್ಮ ಇಡೀ ಕೆಂಪಾಪುರದಲ್ಲಿ ಅವಳ ಚಕ್ಲಿ ಬೇಡ ಅಂದ್ಬಿಟ್ರು. ಗಂಡ ಇಲ್ದೋಳು, ಅದೇ ಅವಳ ಅನ್ನ.

ಒಂದಿನ ವ್ಯಾನಿನೋನ್ನ ಅಡ್ಡ ಹಾಕ್ದೆ. "ಏನಪ್ಪಾ, ಯಾವ ಬಜ್ಜಿ ಗಾಡಿಗೆ ಇದು?"

"ವಿಮಾನಕ್ಕೆ, ಅಜ್ಜೀ."

"ಯಾಕೆ, ವಿಮಾನದಲ್ಲಿ ಬಜ್ಜಿ ಕರೀತಾರಾ?" ಬೈದು ಕಳಿಸ್ದೆ. ಸಂಜೆ ನಿಮ್ಮ ಸಿಂಧು ಅಕ್ಕ ಬಂದ್ಲು, ಏರ್‌ಪೋರ್ಟಲ್ಲಿ ಇಂಜಿನ್ ರಿಪೇರಿ ಮಾಡ್ತಾಳಲ್ಲ, ಅವಳನ್ನ ಕೇಳಿದ್ರೆ ಬಿದ್ದೂ ಬಿದ್ದೂ ನಗ್ತಾಳೆ.

"ನಿಜ ಅಜ್ಜೀ, ಆ ಎಣ್ಣೇನ ಶುದ್ಧ ಮಾಡಿ, ವಿಮಾನದ ಇಂಧನ ಮಾಡಿ, ಮಾಮೂಲಿದ್ರ ಜೊತೆ ಬೆರೆಸ್ತಾರೆ. ಇಂಜಿನ್ನೂ ಹಳೇ ಥರ ಅಲ್ಲ, ಕಮ್ಮಿ ಕುಡಿದು ದೂರ ಹೋಗುತ್ತೆ. ಮುಂಚೆ ದಾರೀಲಿ ಇಳಿದು ಎಣ್ಣೆ ತುಂಬಿಸ್ಕೊಂಡು ಹೋಗ್ಬೇಕಿತ್ತು, ಈಗ ಒಂದೇ ಸಲಕ್ಕೆ ಸಮುದ್ರ ದಾಟುತ್ತೆ."

ನೋಡಿ, ನಮ್ಮ ಗಂಟ್ಲು ಸುಟ್ಟ ಎಣ್ಣೆ ಆಕಾಶಕ್ಕೆ ಹೋಯ್ತು! ಇನ್ನೂ ಏನೇನ್ ಮಾಡ್ತಾರೋ, ಮಾಡೇ ಮಾಡ್ತಾರೆ ಬಿಡಿ.

ಸರಿ, ಸೆರಗು ಸಿಕ್ಕಿಸ್ಕೊಂಡು ಮನೆಮನೆಗೆ ಹೋದೆ. "ರೀ, ಅದು ವಿಮಾನಕ್ಕಂತೆ! ಹಳೇ ಎಣ್ಣೇನ ಅವಳು ಮನೇಲೇ ಇಟ್ಕೊಳ್ಳಲ್ಲ, ಚಕ್ಲಿ ಎಲ್ಲಾ ಹೊಸ ಎಣ್ಣೇಲೇ ಕಣ್ರೀ!" ಹಬ್ಬಕ್ಕೆ ಮುಂಚೇನೇ ಬೇಡ ಅಂದೋರೆಲ್ಲ ಅವಳ ಬಾಗಿಲಲ್ಲಿ. ನಾನೂ ಡಬ್ಬ ಹಿಡ್ಕೊಂಡು ಹೋಗಿ, ಸಿಂಧು ಹೇಳಿದ ಇಂಜಿನ್ ಕಥೇನ ಅವಳಿಗೂ ಹೇಳ್ದೆ. ಕಮಲಮ್ಮ ಬಾಣಲೆ ಇಳಿಸಿ, ಡಬ್ಬ ತುಂಬಿಸಿ, ಮುಖಕ್ಕೇ ಅಂದ್ಲು:

"ರತ್ನಮ್ಮೋರೆ, ಒಂದು ತೊಟ್ಟು ಎಣ್ಣೆ ಇಲ್ದೆ ನಿಮ್ಮ ಮಾತು ಎಷ್ಟು ದೂರ ಹೋಗುತ್ತೆ ಅಂತ ಸಿಂಧುಗೆ ಹೇಳಿ. ಮುಂದಿನ್ಸಲ ಮಾತು ಹಾರಿಸೋ ಮುಂಚೆ ಒಂದ್ಸಲ ನಮ್ಮನೆ ಬಾಗಿಲು ತಟ್ಟಿ, ಕಾಫೀನೂ ಕೊಡ್ತೀನಿ."