ಮೇಲಕ್ಕೆ ಬಂದು ಮರಳಿದ ಅಲೆ

ಗಣಿ ಕುಸಿದು ತಮ್ಮ ತೀರಿಕೊಂಡನೆಂಬ ಸುದ್ದಿ ಬಂದ ದಿನವೇ, ಬಂಡೆಗೆ ಸಿಡಿಮದ್ದು ಇಡುತ್ತಿದ್ದ ಅವನ ಕೈತಪ್ಪಿನಿಂದಲೇ ಹೀಗಾಯಿತೆಂಬ ಮಾತೂ ಹಬ್ಬಿತು. ಗಣಿಯನ್ನು ಕೆಡವಿದ ಕಂಪನ ಭೂಮಿಯ ಆಳದ್ದಲ್ಲ, ನೆಲಮಟ್ಟದಲ್ಲೇ ಹುಟ್ಟಿದ್ದೆಂದು ಭೂಕಂಪ ಮಾಪನ ಕೇಂದ್ರವೇ ವರದಿ ಕೊಟ್ಟ ಮೇಲೆ ಜನರ ಬಾಯಿಗೆ ಬೀಗ ಹಾಕುವವರು ಯಾರು? ವಯಸ್ಸಾದ ಅಣ್ಣ ಶವಕ್ಕಾಗಿ ಗಣಿ ಕಚೇರಿಯ ಬೆಂಚಿನಲ್ಲಿ ಕಾದು ಕುಳಿತಿದ್ದ. ಆ ಕೇಂದ್ರದಿಂದಲೇ ಬಂದ ಹಿರಿಯ ಅಧಿಕಾರಿಣಿಯೂ ಅವರ ಸಹಾಯಕನೂ ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದರು.

“ಆಳ ಸೊನ್ನೆ ಅಂತ ಬರೆದೋರು ಯಾರಯ್ಯಾ?” ಎಂದರು ಆಕೆ.

“ನಾನಲ್ಲ ಮೇಡಂ, ಯಂತ್ರ. ಆಳ ಗೊತ್ತಾಗದಿದ್ರೆ ಅದೇ ಸೊನ್ನೆ ಹಾಕ್ಕೊಳ್ಳುತ್ತೆ.”

“ಅದು ಹಾಕ್ತು, ನೀನು ಕಣ್ಮುಚ್ಚಿ ಕಳಿಸಿಬಿಟ್ಟೆ! ದೂರದ ಮಾಪನ ಕೇಂದ್ರದಲ್ಲಿ ದಾಖಲಾದ ಕಂಪನದ ಗೆರೆ ನೋಡು. ಇದು ನೇರ ಬಂದ ಅಲೆ. ಇದು?”

“ಮೊದಲು ಮೇಲಕ್ಕೆ ಹೋಗಿ, ನೆಲದ ಮೈಗೆ ಬಡಿದು, ಮರಳಿ ಬಂದಿದ್ದು. ನಾಲ್ಕು ಸೆಕೆಂಡ್ ತಡ.”

“ಸಿಡಿಮದ್ದಾಗಿದ್ರೆ?”

“ಎರಡೂ ಅಂಟಿಕೊಂಡೇ ಬರ್ತಿದ್ವು.” ಅವನ ದನಿ ಇಳಿಯಿತು. “ಇದು ಹನ್ನೆರಡು ಕಿಲೋಮೀಟರ್ ಆಳದ್ದು ಮೇಡಂ. ಅಷ್ಟು ಕೆಳಗೆ ಯಾವ ಮನುಷ್ಯ ಇಳೀತಾನೆ?”

“ಯಾರೂ ಇಳಿಯಲ್ಲ. ಭೂಮಿ ತಾನಾಗೇ ನಡುಗಿದೆ. ಪಾಪ, ಮದ್ದು ಇಡ್ತಿದ್ದವನ ತಲೆಗೆ ಕಟ್ಟಿಬಿಟ್ರು. ನಡಿ, ತಪ್ಪು ನಮ್ಮದು ಅಂತ ಮ್ಯಾನೇಜರಿಗೆ ಹೇಳೋಣ.”

“ಬೈತಾರೆ ಮೇಡಂ.”

“ಬೈಲಿ. ಸತ್ತೋನು ಬೈಸ್ಕೊಳ್ಳೋದಕ್ಕಿಂತ ವಾಸಿ.”

ಇಬ್ಬರೂ ಎದ್ದು ಒಳಗೆ ಹೋದರು. ಅಣ್ಣ ಕುಳಿತಲ್ಲೇ ಕೈಮುಗಿದ. ಭಗವಂತಾ, ನಿರಪರಾಧಿ ನಿನ್ನ ಬಳಿಗೆ ಬಂದಿದ್ದಾನೆ. ದಣಿದ ಮೈ ಅವನದು, ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಿಸಿಕೋ.